ಕರೆಮ್ಮನ ಕುಬಸದ ಕೆಂಪು ತುಂಡು

ಶಹಾಪುರದ ಕೆನಾಲ್ ದಂಡೆಯ ಓಣಿಯಲ್ಲಿ ಕೌದಿ ಹೊಲಿಯುವ ಮರಿಲಿಂಗಮ್ಮನಿಗೆ ಮಂದಿ ಇಟ್ಟ ಹೆಸರು ಅರ್ಧಕೌದಿ. ಹೆಸರು ಸುಮ್ಮನೆ ಬಂದದ್ದಲ್ಲ. ಆಕೆಯ ಪಡಸಾಲೆಯಲ್ಲಿ ಯಾವಾಗ ಹೋಗಿ ನೋಡಿದರೂ ಏಳೆಂಟು ಕೌದಿಗಳು ಅರ್ಧಕ್ಕೆ ನಿಂತು ಮೂಲೆ ಹಿಡಿದಿರುತ್ತಿದ್ದವು. ಒಂದಕ್ಕೆ ದಾರ ಪೋಣಿಸುವಾಗ ಇನ್ನೊಂದರ ಅಂಚು ನೆನಪಾಗುವುದು. ಅದನ್ನು ಹುಡುಕಲು ಎದ್ದರೆ ಒಲೆಯ ಮೇಲಿನ ಬೇಳೆ ಸೀದ ವಾಸನೆ ಬರುವುದು. ಬೇಳೆ ಇಳಿಸಲು ಹೋದವಳು ಬಾಗಿಲಲ್ಲಿ ಕೂಗಿದ ಬದನೆಕಾಯಿ ಗಾಡಿಯವನ ಜೊತೆ ಮಾತಿಗೆ ನಿಂತರೆ, ಸೂಜಿ ಸೆರಗಿನಲ್ಲೇ ಚುಚ್ಚಿಕೊಂಡಿರುವುದು, ಬೇಳೆ ಕರಿಯಾಗಿರುವುದು, ಕೌದಿ ಅಲ್ಲೇ ಇರುವುದು.

ಇಷ್ಟು ಹೇಳಿ ನಿಲ್ಲಿಸಿದರೆ ಆಕೆಗೆ ಅನ್ಯಾಯ ಮಾಡಿದಂತಾಗುತ್ತದೆ. ಗಡುವು ಕುತ್ತಿಗೆಗೆ ಬಂದ ದಿನ ಮರಿಲಿಂಗಮ್ಮ ಬೇರೆಯೇ ಹೆಂಗಸು. ಬೆಳಗ್ಗೆ ಕೂತರೆ ಸಂಜೆಗೇ ಏಳುವುದು. ಹಸಿವು ಗೊತ್ತಾಗದು, ಕರೆದರೆ ಕೇಳದು, ಪಕ್ಕದಲ್ಲಿ ಯಾರಾದರೂ ಬಂದು ಕೂತು ಅತ್ತು ಹೋದರೂ ತಿಳಿಯದು. ಹಾಗೆ ಮುಗಿಸಿದ ಕೌದಿಯ ಹೊಲಿಗೆ ಸಾಲು ನೋಡಲು ಸುರಪುರದಿಂದ ಮಂದಿ ಬರುತ್ತಿದ್ದರು. ಅರ್ಧಕೌದಿ ಎಂದು ಆಡಿಕೊಳ್ಳುವವರೇ ಮನೆಯಲ್ಲಿ ಬಾಣಂತಿ ಬಂದಾಗ ಹಳೆ ಸೀರೆಗಳ ಗಂಟು ಹೊತ್ತುಕೊಂಡು ಇವಳ ಬಾಗಿಲಿಗೇ ಬರುತ್ತಿದ್ದರು.

ಹುಟ್ಟಿದ್ದು ಗೋಗಿಯಲ್ಲಿ. ಶಾಲೆಗೆ ಹೋದ ಒಂದೇ ವರ್ಷದಲ್ಲಿ ಬರೆಯುವ ಆರು ಪಾಟಿ ಕಳೆದಳು. ಏಳನೆಯದನ್ನು ಮಾಸ್ತರು ಹುರಿ ಹಾಕಿ ಕೊರಳಿಗೆ ಕಟ್ಟಿದರು. ಹುರಿ ಸಮೇತ ಅದೂ ಹೋಯಿತು. ಅವ್ವ ಹೊಡೆದಳು, ಅಪ್ಪ ಶಾಲೆ ಬಿಡಿಸಿದ. ಅಲ್ಲಿಂದ ಮುಂದೆ ಏನು ಕಳೆದರೂ ಕೇಳಿಬರುತ್ತಿದ್ದುದು ಒಂದೇ ಮಾತು: ಈಕಿ ತಲಿ ಎಲ್ಲಿ ಇಟ್ಟಾಳೋ. ಸಣ್ಣವಳಿದ್ದಾಗಿನಿಂದ ಅದನ್ನೇ ಕೇಳಿದ ಹೆಂಗಸಿಗೆ ಒಂದು ಅಭ್ಯಾಸ ಬೆಳೆಯಿತು. ವಸ್ತು ಕಾಣದಾದರೆ ಮೊದಲು ತನ್ನ ಕೈ ನೋಡಿಕೊಳ್ಳದೆ ಮಂದಿಯ ಕೈ ನೋಡುವುದು. ನಾನೇ ಕಳೆದೆ ಎಂದು ಒಪ್ಪಿದರೆ ಬೈಗುಳ ಗ್ಯಾರಂಟಿ. ಯಾರೋ ಕದ್ದರು ಎಂದರೆ ಅರ್ಧ ಗಳಿಗೆಯಾದರೂ ಉಸಿರಾಡಬಹುದು. ಇದನ್ನು ಕೆಟ್ಟ ಬುದ್ಧಿ ಎನ್ನುವವರು ಎನ್ನಲಿ, ಏಳು ಪಾಟಿಗೆ ಏಟು ತಿಂದವರು ಬೇರೆ ಏನು ಮಾಡಬೇಕಿತ್ತೋ ನನಗಂತೂ ಗೊತ್ತಿಲ್ಲ.

ಗಂಡ ತಾಯಪ್ಪನೂ ಅವನ ಅಣ್ಣ ಅಂಬ್ರಪ್ಪನೂ ಕೆನಾಲ್ ತೋಡುವಾಗ ಮಣ್ಣು ಹೊತ್ತವರು. ಅಲ್ಲೇ ಬಿದ್ದ ಕಲ್ಲು ತಂದು ದಂಡೆಯ ಓಣಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿದರು. ಕೆನಾಲಿಗೆ ನೀರು ಬಂತು, ಸುತ್ತ ಬತ್ತ ಬಂತು, ಸೊಳ್ಳೆಯೂ ಬಂತು. ಅಣ್ಣ ತಮ್ಮ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋದರು. ಮಗಳನ್ನು ಸುರಪುರಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ಮರಿಲಿಂಗಮ್ಮ ಮತ್ತು ಅಂಬ್ರಪ್ಪನ ಹೆಂಡತಿ ಕರೆಮ್ಮ. ಕರೆಮ್ಮ ಹತ್ತು ವರ್ಷ ದೊಡ್ಡವಳು, ಮಕ್ಕಳಿಲ್ಲ, ಮಾತು ಕಡಿಮೆ. ಆಕೆಯ ಪಾತ್ರೆ ಇಟ್ಟ ಜಾಗದಿಂದ ಒಂದು ಬೆರಳು ಸರಿಯುತ್ತಿರಲಿಲ್ಲ. ಮರಿಲಿಂಗಮ್ಮನ ಕಣ್ಣಿನ ಚಾಳೀಸು ಎಲ್ಲಿದೆ, ಕತ್ತರಿ ಎಲ್ಲಿದೆ, ಆಧಾರ್ ಕಾರ್ಡು ಯಾವ ಡಬ್ಬಿಯಲ್ಲಿದೆ, ಎಲ್ಲ ಆಕೆಗೆ ಗೊತ್ತು. ಇದನ್ನು ಉಪಕಾರ ಎನ್ನಬಹುದಿತ್ತು. ಮರಿಲಿಂಗಮ್ಮನಿಗೆ ಮಾತ್ರ ಅದು ಯಾವಾಗಲೂ ಸ್ವಲ್ಪ ಚುಚ್ಚುತ್ತಿತ್ತು. ನನ್ನ ವಸ್ತು ಎಲ್ಲಿದೆ ಎಂದು ನನಗಿಂತ ಈಕೆಗೆ ಹೇಗೆ ಗೊತ್ತು?

ನಲವತ್ನಾಲ್ಕನೇ ವಯಸ್ಸಿನಲ್ಲಿ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಎದೆ ತೆಗೆದರು, ನರಕ್ಕೆ ಔಷಧ ಏರಿಸಿದರು, ಕರೆಂಟಿನ ಚಿಕಿತ್ಸೆ ಕೊಟ್ಟರು, ಕೂದಲು ಹೋಗಿ ಮತ್ತೆ ಬಂತು. ಕೊನೆಗೆ ಒಂದು ಬಿಳಿ ಗುಳಿಗೆ ಬರೆದ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. ಈ ಜಾತಿಯ ಗಡ್ಡೆ ಹೆಂಗಸಿನ ಮೈಯ ಹಾರ್ಮೋನನ್ನೇ ಉಂಡು ಬೆಳೆಯುತ್ತದೆ. ಈ ಗುಳಿಗೆ ಅದಕ್ಕೆ ಉಣ್ಣಲು ಬಿಡುವುದಿಲ್ಲ. ದಿನಕ್ಕೆ ಒಂದು, ಐದು ವರ್ಷ. ಬಿಟ್ಟರೆ ತಿರುಗಿ ಬರಬಹುದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಐದು ವರ್ಷ, ದಿನಾ ಒಂದು. ಏಳು ಪಾಟಿ ಕಳೆದವಳಿಗೆ ಇದನ್ನು ಹೇಳಿದರು.

ಗುಳಿಗೆ ಶುರುವಾದ ಮೇಲೆ ಮೈಯೆಲ್ಲ ಗಳಿಗೆಗೊಮ್ಮೆ ಉರಿ. ಪುಷ್ಯದ ಚಳಿಯಲ್ಲೂ ಕುತ್ತಿಗೆ ಬೆವರಿ ಸೆರಗು ಒದ್ದೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ತಲೆಯದು. ಮೊದಲು ಮರೆಯುತ್ತಿದ್ದುದು ಕತ್ತರಿ, ಈಗ ಕತ್ತರಿ ಎನ್ನುವ ಪದವೇ ಬಾಯಿಗೆ ಬರದು. ಹಾಲು ಕಾಯಿಸಿ ಒಲೆ ಆರಿಸದೆ ಹೋಗುವಳು. ಗುಳಿಗೆ ಕೈಯಲ್ಲಿ ಹಿಡಿದು ನೀರಿಗೆ ಹೋದವಳು, ನೀರು ಕುಡಿದು, ನುಂಗಿದೆನೋ ಇಲ್ಲವೋ ಎಂದು ನಿಂತೇ ಬಿಡುವಳು. ಮೊದಲ ವರ್ಷ ಇದನ್ನೆಲ್ಲ ಕಂಡ ಕರೆಮ್ಮ ಒಮ್ಮೆ ಅಂದಿದ್ದಳು.

"ಆ ಗುಳಿಗಿ ನಿನ್ನ ತಲಿ ತಿನ್ನಾಕತ್ತೈತಿ. ಬಿಟ್ಟುಬಿಡ ಅದನ್ನ."

ಅಂದದ್ದು ಒಂದೇ ಸಲ. ಮುಂದಿನ ತಪಾಸಣೆಗೆ ಜೊತೆಯಲ್ಲಿ ಹೋಗಿ, ಡಾಕ್ಟರಮ್ಮನ ಮಾತು ಕೇಳಿ ಬಂದ ಮೇಲೆ ಕರೆಮ್ಮ ಆ ಮಾತು ಮತ್ತೆ ಎತ್ತಲಿಲ್ಲ. ಬದಲಿಗೆ ದಿನಾ ಬೆಳಗ್ಗೆ ರೊಟ್ಟಿ ಬಡಿಯುತ್ತಲೇ ಕೇಳುವಳು, "ಗುಳಿಗಿ ತಗೊಂಡೇನ?" ಮರಿಲಿಂಗಮ್ಮ ಕಳೆದುಕೊಳ್ಳದೆ ಜೋಪಾನವಾಗಿ ಇಟ್ಟುಕೊಂಡದ್ದು ಮಾತ್ರ ಆ ಹಳೆಯ ಮಾತನ್ನು. ಎಲ್ಲ ಮರೆಯುವವರಿಗೆ ಚುಚ್ಚಿದ್ದು ಮಾತ್ರ ಮರೆಯುವುದಿಲ್ಲ, ಇದೊಂದು ವಿಚಿತ್ರ.

ಮೂರು ಸಲ ತಾರೀಖು ತಪ್ಪಿಸಿಕೊಂಡು ದವಾಖಾನೆಗೆ ಹೋದ ಮೇಲೆ ಡಾಕ್ಟರಮ್ಮ ಆಕೆಯನ್ನು ಮನಸ್ಸಿನ ಡಾಕ್ಟರ ಕಡೆ ಕಳಿಸಿದರು. ಕರೆಮ್ಮನೂ ಜೊತೆಗಿದ್ದಳು. ಆತ ಕ್ಯಾನ್ಸರಿನ ಮಾತು ಬಿಟ್ಟು ಪಾಟಿಯ ಮಾತು ಕೇಳಿದ. ಒಲೆಯ ಮಾತು, ಅರ್ಧ ಕೌದಿಗಳ ಮಾತು, ಕೂತಲ್ಲೇ ಕೂತು ಮುಗಿಸುವ ಕೌದಿಯ ಮಾತು. ಬರೆದುಕೊಂಡು, ತಲೆ ಎತ್ತಿ, ಎಡಿಎಚ್‌ಡಿ ಅಂದ.

"ಇದು ಹುಚ್ಚಲ್ಲಮ್ಮ, ಸೋಮಾರಿತನವೂ ಅಲ್ಲ. ಹುಟ್ಟಿನಿಂದ ಬಂದದ್ದು. ನಿಮ್ಮ ಗಮನ ನಿಂತಲ್ಲಿ ನಿಲ್ಲೋದಿಲ್ಲ, ನಿಂತರೆ ಬಿಡೋದಿಲ್ಲ. ಈಗ ಹಾರ್ಮೋನ್ ಚಿಕಿತ್ಸೆಯಿಂದ ಅದು ಇನ್ನೂ ಜೋರಾದಂಗ ಕಾಣ್ತದ."

ಮರಿಲಿಂಗಮ್ಮ ಅಲ್ಲೇ ಅತ್ತಳು. ಎಷ್ಟೋ ವರ್ಷದ ಹಿಂದಿನ ಏಟುಗಳು ಲೆಕ್ಕಕ್ಕೆ ಬಂದಂತಾಗಿ ಅತ್ತಳು. ಅತ್ತು ಮುಗಿಸಿ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಸಂಶಯ ಬಂದು ಕೂತಿತ್ತು. ಎದೆಯ ರೋಗಕ್ಕೆ ಬಂದವಳನ್ನು ತಲೆಯ ಡಾಕ್ಟರ ಹತ್ತಿರ ಯಾಕೆ ಕಳಿಸಿದರು? ಹುಚ್ಚಿ ಎಂದು ಬರೆಸಿಕೊಳ್ಳಲು ಯಾರಾದರೂ ಹೇಳಿದ್ದಾರೆಯೇ? ಡಾಕ್ಟರ ಮುಂದಿನ ಮಾತು ಅದಕ್ಕೆ ಇನ್ನಷ್ಟು ಗಾಳಿ ಹಾಕಿತು.

"ಇದಕ್ಕೂ ಗುಳಿಗೆ ಅದಾವು. ಆದರೆ ಮನಸ್ಸಿನ ಕೆಲವು ಗುಳಿಗೆ ನಿಮ್ಮ ಕ್ಯಾನ್ಸರ್ ಗುಳಿಗೆಯ ಬಲ ಕಡಿಮೆ ಮಾಡ್ತಾವ. ಅಲ್ಲಿಯ ಡಾಕ್ಟರನ್ನ ಕೇಳದೆ ನಾನು ಬರೆಯೋದಿಲ್ಲ. ಅಲ್ಲೀತನಕ ಒಂದು ಕೆಲಸ ಮಾಡ್ರಿ. ನೀವು ಯಾವತ್ತೂ ಮರೆಯದ ವಸ್ತು ಯಾವುದು?"

"ಸೂಜಿ," ಅಂದಳು.

"ಹಾಗಾದರೆ ಗುಳಿಗೆ ಸೂಜಿ ಜೊತಿ ಇಡ್ರಿ. ದಿನದ ಮೊದಲ ದಾರ ಪೋಣಿಸೋ ಮುಂಚೆ ಒಂದು ಗುಳಿಗೆ."

ಒಳ್ಳೆ ಉಪಾಯ. ಮರಿಲಿಂಗಮ್ಮ ಉಳಿದ ಗುಳಿಗೆ ಪಟ್ಟಿಗಳನ್ನು ತಗಡಿನ ಡಬ್ಬಿಯಲ್ಲಿಟ್ಟು, ನಡೆಯುತ್ತಿರುವ ಪಟ್ಟಿಯನ್ನು ಸೂಜಿ ಸಂಚಿಗೆ ಹಾಕಿದಳು. ಸೂಜಿ ಚುಚ್ಚಿ ಒಂದು ಗುಳಿಗೆ ಒಡೆಯಿತು. ಆಮೇಲೆ ಪಟ್ಟಿಗೆ ಒಂದು ಚಿಂದಿ ಬಟ್ಟೆ ಸುತ್ತಿದಳು. ನಾಲ್ಕು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸವನ್ನು ಸಾಲಾಗಿ ಮಾಡಿದ ಸಂತೋಷ ಆಕೆಗೆ. ಕರೆಮ್ಮ ಮಾತ್ರ ಇನ್ನೂ ದಿನಾ ಕೇಳುತ್ತಿದ್ದಳು, "ಗುಳಿಗಿ ತಗೊಂಡೇನ?" ಮರಿಲಿಂಗಮ್ಮನಿಗೆ ಈಗ ಅದು ಪ್ರಶ್ನೆಯಂತೆ ಕೇಳಿಸುತ್ತಿರಲಿಲ್ಲ, ಪಹರೆಯಂತೆ ಕೇಳಿಸುತ್ತಿತ್ತು.

ಕೊರೊನಾ ಬರುವ ಹಿಂದಿನ ಚಳಿಗಾಲ ಅದು. ಓಣಿಯ ಖುರ್ಷೀದಬೇಗಂ ಮೊಮ್ಮಗಳಿಗೆ ಕೌದಿ ಹೇಳಿದ್ದಳು. ಮಗುವಿನ ನಲವತ್ತು ದಿನದ ಸ್ನಾನಕ್ಕೆ ಬೇಕು. ಮರಿಲಿಂಗಮ್ಮ ಎಂದಿನಂತೆ ಅರ್ಧಕ್ಕೆ ಬಿಟ್ಟು, ಎಂದಿನಂತೆ ಕೊನೆಯ ದಿನ ಕೂತಳು. ದಾರ ಪೋಣಿಸಿದಳು, ಗುಳಿಗೆ ನುಂಗಿದಳು, ಪಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡು ಹೊಲಿಯತೊಡಗಿದಳು. ಸಂಜೆ ನಾಲ್ಕಕ್ಕೆ ಕೊನೆಯ ಮೂಲೆ ಬಂತು.

ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ನಾಲ್ಕು ಬೆರಳು ತೆರೆದಿಟ್ಟು ಅದರ ಹೊಟ್ಟೆಗೆ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ನಂಬಿಕೆ. ಎರಡು ಒಗೆತಕ್ಕೆ ಆ ಚೂರು ಕರಗಿ ಹೋಗುತ್ತದೆ, ಉಣಿಸಿದ್ದಷ್ಟೇ ಮುಖ್ಯ. ಮರಿಲಿಂಗಮ್ಮ ಇರುವೆ ಹತ್ತಬಾರದೆಂದು ಒಣಗಿಸಿದ ಖಟಕ್ ರೊಟ್ಟಿಯ ಚೂರನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಆ ದಿನವೂ ಹೊಟ್ಟೆ ತುಂಬಿಸಿದಳು, ಮೂಲೆ ಮುಚ್ಚಿದಳು, ಕೌದಿ ಕೊಟ್ಟು ಬಂದಳು. ಅದೇ ಸಂಜೆ ಕೆನಾಲ್ ಬಂದ್ ಆಯಿತು. ಹದಿನಾಲ್ಕು ದಿನ ನೀರು, ಹತ್ತು ದಿನ ಬಂದ್, ಅದು ಇಲ್ಲಿಯ ಪಾಳಿ.

ಮರುದಿನ ಬೆಳಗ್ಗೆ ದಾರ ಪೋಣಿಸಲು ಕೂತರೆ ಸಂಚಿಯಲ್ಲಿ ಗುಳಿಗೆ ಪಟ್ಟಿ ಇಲ್ಲ.

ಸಂಚಿ ಸುರುವಿದಳು. ಸೂಜಿ ಇತ್ತು, ದಾರದ ಉಂಡೆ ಇತ್ತು, ಹೋದ ದೀಪಾವಳಿಗೆ ಕಳೆದಿದ್ದ ಕಿವಿಯ ಕಡ್ಡಿಯೂ ಸಿಕ್ಕಿತು. ಪಟ್ಟಿ ಮಾತ್ರ ಇಲ್ಲ. ಅದರಲ್ಲಿ ಇನ್ನೂ ಆರು ಗುಳಿಗೆ ಇದ್ದವು, ಅದು ಆಕೆಗೆ ಚೆನ್ನಾಗಿ ನೆನಪಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದಿನ ನಡುವೆ ಪ್ರಶ್ನೆ ಬಂತು.

"ಗುಳಿಗಿ ತಗೊಂಡೇನ?"

ಮರಿಲಿಂಗಮ್ಮನ ಕೈ ಅಲ್ಲೇ ನಿಂತಿತು. ಇಲ್ಲದ ದಿನವೇ ಹೇಗೆ ಕೇಳಿದಳು? ದಿನಾ ಕೇಳುತ್ತಾಳೆ ಎಂಬುದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. "ತಗೊಂಡೆ," ಎಂದು ಸುಳ್ಳು ಹೇಳಿ, ಕರೆಮ್ಮನ ಮುಖ ನೋಡಿದಳು. ಕರೆಮ್ಮ ತಟ್ಟೆಯಿಂದ ಕಣ್ಣು ಎತ್ತಲಿಲ್ಲ. ಕಣ್ಣು ಎತ್ತಿದ್ದರೂ ಅದು ತಪ್ಪೇ ಆಗುತ್ತಿತ್ತು, ಬಿಡಿ. ಮರಿಲಿಂಗಮ್ಮ ಡಬ್ಬಿಯಿಂದ ಹೊಸ ಪಟ್ಟಿ ತೆಗೆದು ಕದ್ದು ನುಂಗಿದಳು. ಆವತ್ತಿನಿಂದ ಡಬ್ಬಿಯ ಸುತ್ತ ಕಪ್ಪು ದಾರ ಬಿಗಿದು ತನಗಷ್ಟೇ ಬರುವ ಗಂಟು ಹಾಕಿದಳು. ಸಂಜೆ ನೋಡಿದರೆ ಗಂಟು ಬೇರೆ ಥರ ಕಂಡಿತು. ಬೆಳಗ್ಗೆ ಯಾವ ಥರ ಹಾಕಿದ್ದಳೋ, ಅದು ನೆನಪಿದ್ದರೆ ತಾನೇ.

ಮೂರನೆಯ ದಿನ ಬೆಳಗ್ಗೆ ಸುಸ್ತಾಗಿ ಅಡ್ಡಾಗಿದ್ದಳು. ಕೌದಿಯ ಚಿಂದಿಗಳ ಗಂಟೇ ಆಕೆಗೆ ದಿಂಬು. ಕೆನ್ನೆಗೆ ಏನೋ ಒತ್ತಿತು. ಗಂಟು ಬಿಚ್ಚಿ ಕೈ ಹಾಕಿದರೆ ಒಂದು ಸಣ್ಣ ಪೊಟ್ಟಣ. ಕೆಂಪು ಬಟ್ಟೆ. ಬಿಚ್ಚಿದರೆ ಒಣಗಿದ ರೊಟ್ಟಿಯ ಚೂರು, ಅಂಚಿಗೆ ಬೂಸು ಹಿಡಿದಿತ್ತು.

ತಲೆಯ ಕೆಳಗೆ ಕೆಂಪು ಬಟ್ಟೆ, ಒಳಗೆ ಹಳಸಿದ ಅನ್ನವೋ ರೊಟ್ಟಿಯೋ. ಇದು ಮಾಟ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮರಿಲಿಂಗಮ್ಮನ ಬೆನ್ನಿನಲ್ಲಿ ಬೆವರು ಇಳಿಯಿತು, ಈ ಸಲ ಅದು ಗುಳಿಗೆಯ ಬೆವರಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಕೆಂಪಿನ ಮೇಲೆ ಹಳದಿ ಚುಕ್ಕಿ. ಇದು ಕರೆಮ್ಮ ತೊಡುತ್ತಿದ್ದ ಹಳೆಯ ಕುಬಸದ ತುಂಡು. ಈಗ ಎಲ್ಲವೂ ಸಾಲಾಗಿ ನಿಂತವು. ಗುಳಿಗೆ ಬಿಡು ಅಂದವಳು ಅವಳು. ದಿನಾ ಕೇಳುವವಳು ಅವಳು. ಎಲ್ಲಿ ಏನಿದೆ ಎಂದು ಗೊತ್ತಿರುವವಳು ಅವಳು. ಒಂದರ ಬಲ ಇನ್ನೊಂದು ಕಡಿಮೆ ಮಾಡುತ್ತದೆ ಎಂದು ಡಾಕ್ಟರು ಹೇಳುವಾಗ ಪಕ್ಕದಲ್ಲೇ ಕೂತಿದ್ದವಳೂ ಅವಳೇ. ತಾನು ಸತ್ತರೆ ಮನೆ ಯಾರಿಗೆ ಉಳಿಯುತ್ತದೆ?

ಪೊಟ್ಟಣ ತಂದು ಒಲೆಯ ಮುಂದೆ ಇಟ್ಟಳು.

"ಇದು ಯಾರ ಕುಬಸ?"

ಕರೆಮ್ಮ ನೋಡಿದಳು. "ನಂದ. ಹರದಿತ್ತಂತ ನಿನಗ ಕೊಟ್ಟಿದ್ದೆ."

"ಇದರಾಗ ಏನೈತಿ?"

"ರೊಟ್ಟಿ ಇದ್ದಂಗ ಐತಿ."

"ನನ್ನ ತಲಿದಿಂಬಿನಾಗ ಹೆಂಗ ಬಂತು?"

"ನಿನ್ನ ಗಂಟಿನಾಗ ನಾ ಯಾಕ ಕೈ ಹಾಕ್ಲಿ ಲಿಂಗಿ?"

"ಗುಳಿಗಿ ಎಲ್ಲಿ ಇಟ್ಟಿ?"

ಕರೆಮ್ಮನಿಗೆ ಆಗ ಅರ್ಥವಾಯಿತು. ಕೈಯ ಹಿಟ್ಟು ಒರೆಸಿಕೊಂಡಳು. "ಅಂದ್ರ ಗುಳಿಗಿ ಕಳಕೊಂಡಿ. ಮೊನ್ನಿ ತಗೊಂಡೆ ಅಂದಿ."

"ಬಿಟ್ಟುಬಿಡು ಅಂದಾಕಿ ನೀನ. ನಾ ಮರ್ತಿಲ್ಲ."

"ಅಂದಿದ್ದೆ. ಆಗ ನನಗ ತಿಳೀತಿದ್ದಿಲ್ಲ."

"ಈಗ ಬಾಳ ತಿಳಿದೈತಿ. ಇನ್ನ ಮ್ಯಾಲ ನಿನ್ನ ಕೈಯಾಗಿಂದು ನಾ ನೀರು ಸೈತ ಮುಟ್ಟಂಗಿಲ್ಲ."

ಕರೆಮ್ಮ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಜಗಳದಲ್ಲಿ ಅರ್ಧ ಸಂಶಯ ಖರ್ಚಾಗುತ್ತದೆ. ಉಳಿದ ಹಿಟ್ಟಿನ ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದಳು. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹುಣಸಗಿಗೆ ಹೋದಳು. ಅಲ್ಲಿ ಅವಳ ತಮ್ಮ ಶಾಂತಪ್ಪನ ಮನೆ. ಮರಿಲಿಂಗಮ್ಮ ಆ ರೊಟ್ಟಿಗಳನ್ನು ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಗೆ ಹಾಕಿ, ಎಮ್ಮೆಗೆ ಏನಾದರೂ ಆಗುತ್ತದೆಯೇ ಎಂದು ಸಂಜೆಯವರೆಗೆ ನೋಡುತ್ತ ಕೂತಳು. ಎಮ್ಮೆ ಮೆಲುಕು ಹಾಕಿತು, ಸೆಗಣಿ ಹಾಕಿತು, ಮಲಗಿತು.

ಕೆಂಪು ಪೊಟ್ಟಣವನ್ನು ಮನೆಯಲ್ಲಿ ಇಡುವಂತಿಲ್ಲ, ಎಸೆಯುವಂತೆಯೂ ಇಲ್ಲ. ಅಂಥದ್ದನ್ನು ಹರಿಯುವ ನೀರಿಗೇ ಬಿಡಬೇಕು. ಕೆನಾಲ್ ಬಂದ್ ಆಗಿತ್ತು, ತಳದಲ್ಲಿ ಕೆಸರು ಮತ್ತು ಪ್ಲಾಸ್ಟಿಕ್ಕು. ಹಾಗಾಗಿ ಪೊಟ್ಟಣವನ್ನು ಹೊರಗೋಡೆಯ ಗೂಡಿನಲ್ಲಿ ಕಲ್ಲಿನ ಕೆಳಗೆ ಇಟ್ಟು ನೀರಿನ ಪಾಳಿ ಕಾದಳು. ಕಾಯುವ ದಿನಗಳಲ್ಲಿ ಸಂಶಯ ಚೆನ್ನಾಗಿ ಉಂಡು ಬೆಳೆಯಿತು.

ಡಬ್ಬಿಯ ಗುಳಿಗೆಗಳ ಮೇಲೂ ಈಗ ನಂಬಿಕೆ ಇಲ್ಲ. ಅವನ್ನು ತೆಗೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ವಹಾಬನ ಔಷಧ ಅಂಗಡಿಗೆ ಹೋದಳು.

"ವಹಾಬಣ್ಣ, ಇವನ್ನ ಯಾರರೆ ಬದಲಿ ಮಾಡ್ಯಾರೇನ್ ನೋಡ್ರಿ. ಬಣ್ಣ ಬ್ಯಾರೆ ಕಾಣಾಕತ್ತಾವ."

ವಹಾಬ ಒಂದೊಂದು ಪಟ್ಟಿಯನ್ನೂ ತಿರುವಿ ನೋಡಿದ. "ಪ್ಯಾಕ ಹಂಗ ಐತ್ರಿ ಅಕ್ಕಾರ. ಈ ಸಲ ಕಂಪನಿ ಬ್ಯಾರೆ, ಒಳಗಿನ ಔಷಧ ಅದ. ಯಾಕ, ಬಿಟ್ಟೀರೇನು?"

"ಇಲ್ಲಪ್ಪ."

"ಬಿಡಬ್ಯಾಡ್ರಿ. ಅನುಮಾನ ಇದ್ರ ದವಾಖಾನಿಗೆ ಫೋನ್ ಹಚ್ಚಿ ಕೇಳ್ರಿ, ನಾ ಹಚ್ಚಿಕೊಡ್ತೀನಿ."

ಆಕೆಗೆ ಸಮಾಧಾನ ಆಗಬೇಕಿತ್ತು. ಬಾಗಿಲು ದಾಟುವಾಗ ನೆನಪಾಯಿತು, ವಹಾಬನ ಮನೆಗೆ ವರ್ಷದ ಒಣಮೆಣಸಿನಕಾಯಿ ಬರುವುದು ಹುಣಸಗಿಯ ಶಾಂತಪ್ಪನ ಹೊಲದಿಂದ. ಅಷ್ಟೇ, ಅವನ ಮಾತೂ ಹೋಯಿತು, ಅವನ ಅಂಗಡಿಯ ಗುಳಿಗೆಯೂ ಹೋಯಿತು. ಸುರಪುರದಿಂದ ಮಗಳು ಫೋನು ಮಾಡಿ, ದೊಡ್ಡವ್ವ ಯಾಕ ಹುಣಸಗಿಗೆ ಹೋಗ್ಯಾಳ ಎಂದು ಕೇಳಿದಾಗ, ಇವಳಿಗೆ ಯಾರು ಹೇಳಿದರು ಎಂದು ಅದನ್ನೂ ಒಂದು ಗಂಟು ಮಾಡಿ ಇಟ್ಟುಕೊಂಡಳು.

ಹೀಗೆ ಎಂಟು ದಿನ ಮರಿಲಿಂಗಮ್ಮ ಗುಳಿಗೆ ಮುಟ್ಟಲಿಲ್ಲ. ನನ್ನನ್ನು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡೇ ಬಿಟ್ಟಳು. ಉಳಿಸುವ ಒಂದೇ ವಸ್ತುವನ್ನು ದೂರ ಇಟ್ಟು, ದಿನಾ ಎದೆಯ ಕಲೆ ಮುಟ್ಟಿ ನೋಡಿಕೊಂಡು, ಬಲ ಎದೆಯಲ್ಲಿ ಏನೋ ಸಿಕ್ಕಂತಾಗಿ ಹೆದರಿ, ಹೆದರಿದ್ದನ್ನು ಹೇಳಲು ಯಾರೂ ಇಲ್ಲದೆ ಒಬ್ಬಳೇ ಕೂತಳು. ಕತ್ತರಿ ಕಾಣದಾದಾಗ ಬಾಯಿ ತಾನಾಗಿ "ಅಕ್ಕಾ" ಎಂದು ಕರೆದುಬಿಡುತ್ತಿತ್ತು. ಬೆಳಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ.

ಹನ್ನೊಂದನೆಯ ದಿನ ನೀರು ಬಂತು. ನೀರು ಬಂದ ದಿನ ಓಣಿಯ ಹೆಂಗಸರೆಲ್ಲ ಕೌದಿ ಹೊತ್ತು ದಂಡೆಗೆ ಇಳಿಯುತ್ತಾರೆ. ಮನೆಯ ನಳದಲ್ಲಿ ಕೌದಿ ತೊಯ್ಯುವುದೂ ಇಲ್ಲ, ತೊಯ್ದರೆ ಎತ್ತಲು ಬರುವುದೂ ಇಲ್ಲ. ಮರಿಲಿಂಗಮ್ಮ ಪೊಟ್ಟಣವನ್ನೂ ಸೂಜಿ ಸಂಚಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಒಂದು ಹಳೆ ಕೌದಿ ಹಿಡಿದುಕೊಂಡು, ಒಗೆಯಲು ಬಂದವಳಂತೆ ಇಳಿದಳು. ಮಂದಿ ಕಡಿಮೆ ಇರುವ ಮೆಟ್ಟಿಲು ಹುಡುಕುತ್ತಿದ್ದಾಗ ಖುರ್ಷೀದಬೇಗಂ ಎದುರಿಗೆ ಬಂದು ನಿಂತಳು. ಕೈಯಲ್ಲಿ ಮೊಮ್ಮಗಳ ಕೌದಿ, ಇನ್ನೂ ನೀರು ಕಂಡಿರಲಿಲ್ಲ.

"ಮರಿಲಿಂಗಮ್ಮ, ಇದರಾಗ ಏನಿಟ್ಟಿ?"

"ಏನಿಡ್ತಾರ್ರಿ ಬೇಗಂ? ರೊಟ್ಟಿ."

"ರೊಟ್ಟಿ ಹಿಂಗ ಚರಚರ ಅಂತೈತಿ?" ಖುರ್ಷೀದಬೇಗಂ ಮೂಲೆಯನ್ನು ಹಿಚುಕಿದಳು. ಸಣ್ಣಗೆ ಸದ್ದಾಯಿತು. ಪಕ್ಕದ ಹೆಂಗಸರು ಒಗೆಯುವುದನ್ನು ನಿಲ್ಲಿಸಿದರು. "ಈ ಕೌದಿ ಹೊದ್ದ ದಿನದಿಂದ ಕೂಸು ಒಂದ ಸವನ ಅಳಾಕತ್ತೈತಿ. ನೀ ಮನಸಿನ ಡಾಕ್ಟರ ಕಡಿ ಹೋಗ್ತಿ ಅಂತ ಮಂದಿ ಅಂತಾರ. ನಿನ್ನ ನೆಗೆಣ್ಣಿ ಮನಿ ಬಿಟ್ಟು ಹೋಗ್ಯಾಳ ಅಂತಾರ. ನಾ ಕಿವ್ಯಾಗ ಹಾಕ್ಕೊಂಡಿದ್ದಿಲ್ಲ. ಇದರಾಗ ಏನಿಟ್ಟಿ, ಹೇಳಿಬಿಡವ್ವ."

ದನಿ ಮೆತ್ತಗಿತ್ತು. ಕಣ್ಣು ಮೆತ್ತಗಿರಲಿಲ್ಲ. ಆ ಕಣ್ಣನ್ನು ಮರಿಲಿಂಗಮ್ಮ ಗುರುತಿಸಿದಳು. ಎಂಟು ದಿನದ ಹಿಂದೆ ಒಲೆಯ ಮುಂದೆ ತಾನೇ ಹಾಗೆ ನೋಡಿದ್ದಳು. ಆಗ ನೋಡುವವಳು ತಾನಾಗಿದ್ದರಿಂದ ಅದು ಎಷ್ಟು ಉರಿಯುತ್ತದೆ ಎಂದು ಗೊತ್ತಾಗಿರಲಿಲ್ಲ.

"ಕೊಡ್ರಿ ಇಲ್ಲಿ," ಅಂದಳು.

ಕಲ್ಲಿನ ಮೇಲೆ ಕೂತು ಮೂಲೆಯ ದಾರವನ್ನು ಹಲ್ಲಿನಿಂದ ಕಡಿದಳು. ನಾಲ್ಕು ಬೆರಳು ತೆರೆಯಿತು. ಒಳಗಿನಿಂದ ಒಂದು ಸಣ್ಣ ಪೊಟ್ಟಣ ಬಂತು. ಕೆಂಪು ಬಟ್ಟೆ, ಹಳದಿ ಚುಕ್ಕಿ. ಬಿಚ್ಚಿದಳು. ಗುಳಿಗೆಯ ಪಟ್ಟಿ. ಆರು ಗುಳಿಗೆ.

ಆ ದಿನದ ಮಡಿಲು ಕಣ್ಣಿಗೆ ಬಂತು. ಕರೆಮ್ಮನ ಕುಬಸದಿಂದ ಹರಿದ ಎರಡು ತುಂಡು, ಒಂದು ಗುಳಿಗೆಗೆ, ಒಂದು ರೊಟ್ಟಿಗೆ, ಎರಡೂ ತನ್ನ ಕೈಯಾರೆ ಸುತ್ತಿದ್ದು. ಕಣ್ಣು ಹೊಲಿಗೆಯ ಮೇಲೆ, ಕೈ ಮಡಿಲಲ್ಲಿ ತಡಕಿ ಸಿಕ್ಕಿದ್ದನ್ನು ಕೌದಿಯ ಹೊಟ್ಟೆಗೆ ಹಾಕಿತ್ತು. ಉಳಿದದ್ದು ಏಳುವಾಗ ಚಿಂದಿಯ ಜೊತೆ ಗಂಟಿಗೆ ಸೇರಿತ್ತು. ಸೊಂಟದಿಂದ ಇನ್ನೊಂದು ಪೊಟ್ಟಣ ತೆಗೆದು ಇದರ ಪಕ್ಕಕ್ಕೆ ಹಿಡಿದಳು. ಹರಿದ ಅಂಚಿಗೆ ಅಂಚು ಕೂಡಿತು.

"ನನ್ನ ಗುಳಿಗಿರಿ," ಅಂದಳು. "ಎದಿ ಬ್ಯಾನಿದು. ರೊಟ್ಟಿ ಅಂತ ತಿಳಿದು ಇಟ್ಟೇನಿ. ನಿಮ್ಮ ಕೂಸಿಗೆ ನಾ ಏನೂ ಮಾಡಿಲ್ರಿ ಬೇಗಂ."

ಖುರ್ಷೀದಬೇಗಂ ಪಟ್ಟಿಯನ್ನು ತಿರುವಿ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಳು. "ಇದ ಗುಳಿಗಿ ಇಲ್ದ ಇಷ್ಟು ದಿನ ಹೆಂಗ ಇದ್ದಿ?" ಖುರ್ಷೀದಬೇಗಂ ತಾನು ಕಟ್ಟಿಕೊಂಡು ಬಂದಿದ್ದ ರೊಟ್ಟಿಯಿಂದ ಒಂದು ಚೂರು ಮುರಿದು ಕೊಟ್ಟಳು. ಮರಿಲಿಂಗಮ್ಮ ಅದನ್ನು ಎರಡು ಸಲ ನೋಡಿ, ರೊಟ್ಟಿಯೇ ಎಂದು ಖುರ್ಷೀದಬೇಗಂ ಬಾಯಿಂದ ಹೇಳಿಸಿಕೊಂಡು, ಕೌದಿಯ ಹೊಟ್ಟೆಗೆ ಇಟ್ಟು ಹೊಲಿದಳು. ಆ ಮೂಲೆಯ ಹೊಲಿಗೆ ಮಾತ್ರ ಸೊಟ್ಟ ಬಂತು.

ಹಳೆ ಕೌದಿಯನ್ನು ಖುರ್ಷೀದಬೇಗಂ ಹತ್ತಿರ ಬಿಟ್ಟಳು, ಅಲ್ಲಿಂದ ಮನೆಗೆ ಹೋಗಲಿಲ್ಲ. ಸುರಪುರದ ಬಸ್ಸು ಹತ್ತಿದಳು, ಅಲ್ಲಿಂದ ಹುಣಸಗಿಯ ಬಸ್ಸು. ಗುಳಿಗೆ ಸಂಚಿಯಲ್ಲಿದೆಯೇ ಎಂದು ದಾರಿಯಲ್ಲಿ ಆರು ಸಲ ನೋಡಿಕೊಂಡ ಮೇಲೆ ಸಂಚಿಯನ್ನೂ ನಂಬದೆ ಪಟ್ಟಿಯನ್ನು ಮುಷ್ಟಿಯಲ್ಲೇ ಹಿಡಿದಳು. ಏನು ಹೇಳಬೇಕು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡದ್ದು ಪ್ರತಿ ಊರಿಗೂ ಒಮ್ಮೆ ಕಳೆದುಹೋಗುತ್ತಿತ್ತು. ಕರೆಮ್ಮ ಬಾಗಿಲು ಹಾಕಿಕೊಂಡರೆ ಏನು ಮಾಡಲಿ ಎಂಬ ಭಯ ಮಾತ್ರ ಕಳೆಯಲಿಲ್ಲ.

ಶಾಂತಪ್ಪನ ಮನೆಯ ಕಟ್ಟೆಯ ಮೇಲೆ ಕರೆಮ್ಮ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಮರಿಲಿಂಗಮ್ಮ ಹೋಗಿ ಎದುರಿಗೆ ನಿಂತಳು. ಎರಡು ಕೆಂಪು ತುಂಡುಗಳನ್ನು ಕಟ್ಟೆಯ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟಳು. ಒಂದರ ಮೇಲೆ ಬೂಸಿನ ರೊಟ್ಟಿ, ಒಂದರ ಮೇಲೆ ಗುಳಿಗೆಯ ಪಟ್ಟಿ.

"ಕೌದಿ ಹೊಟ್ಟ್ಯಾಗ ಗುಳಿಗಿ ಹಾಕಿದ್ನೆಕ್ಕ. ರೊಟ್ಟಿ ನನ್ನ ಗಂಟಿನಾಗ ಉಳಿದಿತ್ತು. ಎರಡೂ ನಾನ ಮಾಡಿದ್ದು."

ಕರೆಮ್ಮ ಎರಡನ್ನೂ ನೋಡಿದಳು. ಪಟ್ಟಿಯನ್ನು ಕೈಗೆತ್ತಿಕೊಂಡು ಗುಳಿಗೆ ಎಣಿಸಿದಳು. ಮುಖದಲ್ಲಿ ಸಿಟ್ಟಿತ್ತು, ಅದನ್ನು ಆಕೆ ಮುಚ್ಚಲೂ ಇಲ್ಲ.

"ಇವತ್ತ ಗುಳಿಗಿ ತಗೊಂಡೇನ?"

"ಇಲ್ಲ. ಎಂಟು ದಿನ ಆತು."

"ಎಂಟು ದಿನ," ಅಂದಳು ಕರೆಮ್ಮ. ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಬಿತ್ತು. "ನಾಳಿ ಕಲಬುರ್ಗಿಗೆ ಹೋಗಿ ಡಾಕ್ಟರಮ್ಮಗ ಹೇಳೂಣು. ಈಗ ಒಂದ ತಗೊ. ಬಿಟ್ಟಿದ್ದಕ್ಕೆಲ್ಲ ಸೇರಿಸಿ ನುಂಗಬಾರದಂತ ಹೇಳ್ಯಾರ."

ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದಳು. ಮರಿಲಿಂಗಮ್ಮ ಕೈ ಚಾಚಿದಳು. ಕರೆಮ್ಮ ಚೆಂಬನ್ನು ಕೈಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಮರಿಲಿಂಗಮ್ಮ ಚೆಂಬು ಮುಟ್ಟಲಿಲ್ಲ. ಒಂದು ಅಂಗೈಯಲ್ಲಿ ಗುಳಿಗೆ ಹಿಡಿದು, ಇನ್ನೊಂದನ್ನು ಚಾಚಿಕೊಂಡೇ ನಿಂತಳು. ಒಳಗಿನಿಂದ ಯಾರೋ ಕರೆದರು, ಬೀದಿಯಲ್ಲಿ ಟ್ರ್ಯಾಕ್ಟರು ಹೋಯಿತು, ಆಕೆಯ ಗಮನ ಯಾವ ಕಡೆಗೂ ಹೋಗಲಿಲ್ಲ.

"ಕೈಯಾಗ ಕೊಡಕ್ಕ," ಅಂದಳು.

ಕರೆಮ್ಮ ಕೆಳಗೆ ಬಿದ್ದ ಮೆಣಸಿನಕಾಯಿ ಎತ್ತಿ ರಾಶಿಗೆ ಹಾಕಿದಳು. ಆಮೇಲೆ ಮುಂದೆ ಬಂದು, ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚೆಂಬನ್ನು ಎತ್ತಿದಳು.